ಫಲಕದ ಮೇಲಿನ ‘ಹಳೆಯ ಲಿಪಿ’: ಹೊಯ್ಸಳ–ಚೋಳ ಸಂಧಾನವನ್ನು ಎರಡು ಶಾಸನಗಳಲ್ಲಿ ಓದುವುದು

ಈ ಸಲದ ಬರಹ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತದೆ.

ಚನ್ನಪಟ್ಟಣ ತಾಲೂಕಿನ ಒಂದು ಊರು. ಹೆಸರು ಬೇಡ. ದೇವಸ್ಥಾನದ ಮುಂದೆ, ಹೊಂಗೆ ಮರದ ಬುಡದಲ್ಲಿ ಒಂದು ಕಲ್ಲು ಅರ್ಧ ಹೂತು ನಿಂತಿದೆ. ಊರಿನ ಹುಡುಗರು ಅದನ್ನು ತೊಳೆದು, ಸುತ್ತ ಕಟ್ಟೆ ಕಟ್ಟಿ, ‘ಸಾರ್, ಒಂದು ಬೋರ್ಡ್ ಹಾಕ್ತೀವಿ, ಏನ್ ಬರೀಬೇಕು ಹೇಳಿ’ ಅಂತ ನನ್ನನ್ನು ಕರೆದಿದ್ದರು. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗು. ಶಾಸನದ ಓದು ಭಾನುವಾರದ ಗೀಳು. ತಮಿಳು ಅಕ್ಷರ ಕಲಿತದ್ದು ಹೊಸೂರು ಕಡೆಯ ಬಸ್ಸುಗಳ ಬೋರ್ಡು ನೋಡಿ, ಗ್ರಂಥ ಲಿಪಿ ಕಲಿತದ್ದು ಪಿಡಿಎಫ್ ನೋಡಿ. ಆದರೂ ಆ ಕಲ್ಲನ್ನು ನೋಡಿದ ಹತ್ತು ನಿಮಿಷಕ್ಕೆ ಅದು ತಮಿಳು ಅಂತ ಗೊತ್ತಾಯಿತು. ಚೋಳರ ಕಾಲದ್ದು, ದೇವರಿಗೆ ಬಿಟ್ಟ ದತ್ತಿ.

ನಾನು ‘ತಮಿಳು’ ಅಂದ ಕೂಡಲೇ ಕಟ್ಟೆಯ ಮೇಲೆ ಕೂತಿದ್ದ ಊರಿನ ಯಜಮಾನರೊಬ್ಬರು ಎದ್ದು ಬಂದರು. ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು.

‘ಸಾರ್, ತಮಿಳು ಅಂತ ಬರೀಬೇಡಿ. ಮೇಕೆದಾಟು ಗಲಾಟೆ ನಡೀತಾ ಐತೆ. ನಾಳಿಕ್ ಯಾರಾದ್ರೂ ಬಂದು, ನೋಡಿ ಇದು ನಮ್ ಜಾಗ ಅಂದ್ರೆ? ಇಲ್ದಿದ್ರೆ ನಮ್ಮೋರೇ ಯಾರೋ ಬಂದು ಟಾರ್ ಬಳೀತಾರೆ. ಎರಡೂ ನಮಗ್ ಬೇಡ.’

ಅವರ ಭಯ ಸುಳ್ಳಿನದಲ್ಲ. 2022ರ ಜನವರಿಯಲ್ಲಿ ಸಂಗಮದಿಂದ ಹೊರಟ ಮೇಕೆದಾಟು ಪಾದಯಾತ್ರೆ ಕನಕಪುರ ದಾಟಿ ನಮ್ಮ ರಾಮನಗರದ ತನಕ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕಾವೇರಿ ಅನ್ನುವುದು ಇಲ್ಲಿ ಪೇಪರಿನ ಸುದ್ದಿ ಮಾತ್ರ ಅಲ್ಲ, ಮನೆಯ ಮಾತು. ನಾನು ತಲೆಯಾಡಿಸಿದೆ. ಬೋರ್ಡಿಗೆ ಬರೆದುಕೊಟ್ಟ ಸಾಲು ಹೀಗಿತ್ತು: ‘ಸುಮಾರು ಸಾವಿರ ವರ್ಷ ಹಿಂದಿನ ಹಳೆಯ ಲಿಪಿಯ ದಾನಶಾಸನ.’ ಅದರಲ್ಲಿ ಒಂದೂ ತಪ್ಪು ಪದ ಇಲ್ಲ, ಆದರೂ ಅದು ಸುಳ್ಳು.

ಆ ‘ಹಳೆಯ ಲಿಪಿ’ ಎಂಬ ಎರಡು ಪದಗಳನ್ನು ವಿಮರ್ಶೆಗೆ ಒಡ್ಡುವುದೇ ಈ ಬರಹದ ಉದ್ದೇಶ. ಅದರ ಜೊತೆಗೆ, ಅವನ್ನು ನನ್ನಿಂದ ಬರೆಸಿದ ಒಂದು ಓದಿನ ಅಭ್ಯಾಸವನ್ನೂ.

ಏನದು ಆ ಅಭ್ಯಾಸ? ನಾವು, ಅಂದರೆ ಶಾಸನಾಸಕ್ತರು, ಎರಡು ರಾಜ್ಯಗಳ ನಡುವಿನ ಕಲ್ಲನ್ನು ಕಂಡರೆ ಅದನ್ನು ಕ್ರಿಕೆಟ್ ಮ್ಯಾಚಿನ ಕಪ್ ಥರ ಓದುತ್ತೇವೆ. ಗೆದ್ದೋರು ಯಾರು, ಸೋತೋರು ಯಾರು. ತಮಿಳು ಶಾಸನ ಸಿಕ್ಕರೆ ‘ಆಕ್ರಮಣದ ಗುರುತು’. ಹೊಯ್ಸಳರ ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ ಬಿರುದು ಸಿಕ್ಕರೆ ‘ನೋಡಿ, ಅವರ ರಾಜನನ್ನು ಸಿಂಹಾಸನದ ಮೇಲೆ ಕೂರಿಸಿದ್ದೇ ನಮ್ಮೋರು’. ಎರಡನೆಯದನ್ನು ವಾಟ್ಸಾಪಿನಲ್ಲಿ ನಾನೇ ಎಷ್ಟೋ ಸಲ ಫಾರ್ವರ್ಡ್ ಮಾಡಿದ್ದೇನೆ. ಈ ಓದಿನಲ್ಲಿ ಕಳೆದುಹೋಗುವುದು ಯುದ್ಧಗಳ ನಡುವೆ ನಡೆದ ಮಾತು: ಕೇಳಿಕೆ, ಉತ್ತರ, ದೂತ, ಷರತ್ತು, ಒಪ್ಪಿಗೆ. ಶಾಸನಗಳಲ್ಲಿ ಅದು ಇದೆ. ನಾವು ಬಿರುದಿನ ಸಾಲಿಗೇ ನಿಂತುಬಿಡುವುದರಿಂದ ಕಾಣುವುದಿಲ್ಲ, ಅಷ್ಟೆ.

ಎರಡು ಶಾಸನ ತೆಗೆದುಕೊಳ್ಳೋಣ. ಒಂದರಲ್ಲಿ ಸಂಧಾನ ಮುರಿಯುತ್ತದೆ, ಇನ್ನೊಂದರಲ್ಲಿ ಕೂಡಿಬರುತ್ತದೆ.

ಮೊದಲನೆಯದು: ಕೇಳಿದರು, ಕೊಡಲಿಲ್ಲ

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಸುಮಾರು 1004ರಲ್ಲಿ ಒಂದನೆಯ ರಾಜರಾಜನ ಕಾಲದಲ್ಲಿ ಚೋಳರು ಗಂಗರ ತಲಕಾಡನ್ನು ಹಿಡಿದರು. ತಲಕಾಡು ‘ರಾಜರಾಜಪುರ’ ಆಯಿತು, ಗಂಗವಾಡಿ ‘ಮುಡಿಗೊಂಡಚೋಳ ಮಂಡಲ’ ಆಯಿತು. ನೂರು ವರ್ಷಕ್ಕೂ ಮಿಕ್ಕಿ ಈ ಸ್ಥಿತಿ ಇತ್ತು. 1116–17ರ ಸುಮಾರಿಗೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಗೆದ್ದ. ಅರಸನಿಗೆ ‘ತಲಕಾಡುಗೊಂಡ’ ಬಿರುದು ಬಂತು, ಆ ಬಿರುದು ಚಿನ್ನದ ನಾಣ್ಯದ ಮೇಲೂ ಏರಿತು. ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯ ಎದ್ದಿತು.

ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಗಂಗರಾಜನ ಸಾಧನೆ ಹೇಳುವ ಶ್ರವಣಬೆಳಗೊಳದ ಶಾಸನದಲ್ಲಿ ಯುದ್ಧಕ್ಕೆ ಮುಂಚಿನ ಒಂದು ಸಣ್ಣ ದೃಶ್ಯ ಇದೆ. ಚೋಳನ ಸಾಮಂತ ಅದಿಯಮ ಘಟ್ಟದ ಮೇಲೆ, ತಲಕಾಡಿನ ಬೀಡಿನಲ್ಲಿ, ಗಂಗವಾಡಿಗೆ ಬಾಗಿಲಿನ ಹಾಗೆ ಕೂತಿದ್ದಾನೆ. ಅವನಿಗೆ ನಾಡನ್ನು ಒಪ್ಪಿಸು ಅನ್ನುವ ಕೇಳಿಕೆ ಹೋಗುತ್ತದೆ. ಚೋಳ ತನಗೆ ಕೊಟ್ಟ ನಾಡನ್ನು ಅವನು ಬಿಡಲೊಪ್ಪುವುದಿಲ್ಲ. ಕಾದಿ ತೆಗೆದುಕೋ ಅನ್ನುತ್ತಾನೆ. ಆಮೇಲೆ ಕಾಳಗ.

ಇದನ್ನು ನಾವು ಪೀಠಿಕೆ ಅಂತ ದಾಟಿಬಿಡುತ್ತೇವೆ. ದಾಟಬಾರದು. ಇದರಲ್ಲಿ ಮೂರು ವಿಷಯ ಇವೆ.

ಒಂದು, ಗೆದ್ದವರ ಕಡೆಯ ಶಾಸನಕ್ಕೆ ‘ನಾವು ಮೊದಲು ಕೇಳಿದೆವು’ ಅಂತ ದಾಖಲಿಸುವ ಅಗತ್ಯ ಕಂಡಿದೆ. ನೇರವಾಗಿ ನುಗ್ಗಿ ಗೆದ್ದೆವು ಅಂತ ಕೊರೆಸಿದ್ದರೆ ಶೌರ್ಯಕ್ಕೇನೂ ಕಡಿಮೆ ಆಗುತ್ತಿರಲಿಲ್ಲ. ಆದರೂ ಕೇಳಿಕೆಯನ್ನು ಕೊರೆಸಿದ್ದಾರೆ. ಅಂದರೆ ಆ ಕಾಲದ ಓದುಗನ ಕಣ್ಣಲ್ಲಿ ಕೇಳದೆ ಕಿತ್ತುಕೊಳ್ಳುವುದಕ್ಕೂ ಕೇಳಿ, ಇಲ್ಲ ಅನ್ನಿಸಿಕೊಂಡು ಕಾದುವುದಕ್ಕೂ ವ್ಯತ್ಯಾಸ ಇತ್ತು. ನಮ್ಮ ಕಾರ್ಖಾನೆಯ ಭಾಷೆಯಲ್ಲಿ ಹೇಳಬೇಕೆಂದರೆ, ನೋಟಿಸ್ ಕೊಟ್ಟ ಮೇಲೇ ಕ್ರಮ.

ಎರಡು, ಅದಿಯಮನ ಉತ್ತರದಲ್ಲಿ ಒಂದು ವಾದ ಇದೆ. ನಾಡು ತನ್ನ ತೋಳಿನ ಗಳಿಕೆ ಅಂತ ಅವನು ಹೇಳಿದ ಹಾಗೆ ಶಾಸನ ಬರೆಯುವುದಿಲ್ಲ, ಚೋಳ ಕೊಟ್ಟದ್ದು ಅನ್ನುತ್ತದೆ. ಒಡೆತನದ ಮೂಲ ಬೇರೆ ಕಡೆ ಇದೆ. ಅದನ್ನು ಬಿಡುವ ಅಧಿಕಾರ ಅವನಿಗೆ ಇರಲೇ ಇಲ್ಲ ಅಂತಲೂ ಓದಬಹುದು. ಕೇಳಿಕೆ ಹೋಗಬೇಕಾದದ್ದು ಚೋಳನ ಅರಮನೆಗೆ. ಹೋದದ್ದು ಗಡಿಯ ಕಾವಲಿನವನಿಗೆ. ಸಹಿ ಹಾಕುವ ಅಧಿಕಾರ ಇಲ್ಲದವನ ಮುಂದೆ ಕಾಗದ ಇಟ್ಟರೆ ಆಗುವುದು ಇದೇ.

ಮೂರು, ಎದುರಾಳಿಯ ಮಾತನ್ನು ಶಾಸನ ಕೆಡಿಸಿಲ್ಲ. ಅದಿಯಮ ಹೇಡಿಯ ಹಾಗೆ ಮಾತಾಡುವುದಿಲ್ಲ. ಕಾಳಗದಲ್ಲಿ ಸೋತು ಓಡಿದ ಅಂತ ಶಾಸನ ಹೇಳುವುದು ಆಮೇಲೆ. ಉತ್ತರ ಕೊಡುವಾಗ ಅವನಿಗೆ ಗೌರವದ ಸ್ಥಾನ ಇದೆ.

ಶಾಸನದ ಮಿತಿಯನ್ನೂ ಹೇಳಬೇಕು. ಇದು ಗೆದ್ದವನ ಪರ, ಜೈನ ದಾನದ ಸಂದರ್ಭದಲ್ಲಿ ಬರೆದದ್ದು. ಅದಿಯಮನ ಕಡೆಯ ಕಲ್ಲು ಇದ್ದಿದ್ದರೆ ಕೇಳಿಕೆಯ ಧಾಟಿ ಬೇರೆ ಇರುತ್ತಿತ್ತೇನೋ. ಇದೇ ವಿಜಯವನ್ನು ಹೇಳುವಾಗ ತಿಗುಳರನ್ನು ಓಡಿಸಿದ ಮಾತು ಬರುತ್ತದೆ. ‘ತಿಗುಳ’ ಅಂದರೆ ಆಗಿನ ಕನ್ನಡದಲ್ಲಿ ತಮಿಳರು. ಇವತ್ತು ಅದೇ ಪದ ನಮ್ಮ ನಡುವಿನ ಒಂದು ಸಮುದಾಯದ ಹೆಸರು. ಬೆಂಗಳೂರು ಕರಗ ಹೊರುವವರು ಅವರು, ಹೂವು ತರಕಾರಿ ಬೆಳೆದು ಊರಿಗೆ ಉಣಿಸಿದವರು ಅವರು. ಶಾಸನದಲ್ಲಿ ಓಡಿಸಲ್ಪಟ್ಟ ಪದ ಊರಿನ ಹಬ್ಬದ ಯಜಮಾನಿಕೆಯಲ್ಲಿ ಕೂತಿದೆ. ‘ಓಡಿಸಿದೆವು’ ಎಂಬ ಸಾಲನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಡ.

ಎರಡನೆಯದು: ಕೊಡುತ್ತೇನೆ ಅಂದ, ನಿಲ್ಲಿಸಿದರು

ಈಗ ನೂರ ಹದಿನಾಲ್ಕು ವರ್ಷ ಮುಂದಕ್ಕೆ. ಕಡಲೂರಿನ ಹತ್ತಿರ ತಿರುವಹೀಂದ್ರಪುರ ಅಂತ ಊರು, ಶಾಸನಲೋಕದಲ್ಲಿ ತಿರುವೇಂದಿಪುರಂ. ಅಲ್ಲಿನ ದೇವನಾಯಕ ಪೆರುಮಾಳ್ ಗುಡಿಯ ತಮಿಳು ಶಾಸನವನ್ನು ಹುಲ್ಟ್ಸ್ ಅವರು ಎಪಿಗ್ರಾಫಿಯಾ ಇಂಡಿಕಾದ 7ನೇ ಸಂಪುಟದಲ್ಲಿ ಪ್ರಕಟಿಸಿದರು. ಸುಮಾರು 1231ರದು. ‘ಚೋಳರಾಜ್ಯ ಪ್ರತಿಷ್ಠಾಚಾರ್ಯ’ ಬಿರುದಿನ ಹಿಂದಿನ ಕಥೆ ಇಷ್ಟು ವಿವರವಾಗಿ ಸಿಗುವುದು ಇದರಲ್ಲೇ.

ಕಥೆ ಹೀಗೆ. ಮೂರನೆಯ ರಾಜರಾಜ ಚೋಳನನ್ನು ಪಲ್ಲವ ವಂಶದವನೆಂದು ಹೇಳಿಕೊಂಡ ಕೋಪ್ಪೆರುಂಜಿಂಗ ಸೇಂದಮಂಗಲದಲ್ಲಿ ಸೆರೆ ಇಟ್ಟ. ಅವನ ಪಡೆ ನಾಡನ್ನೂ ದೇವಸ್ಥಾನಗಳನ್ನೂ ಹಾಳುಮಾಡಿತು. ಸುದ್ದಿ ಕೇಳಿದ ಹೊಯ್ಸಳ ಇಮ್ಮಡಿ ನರಸಿಂಹ, ಚೋಳರಾಜ್ಯವನ್ನು ನಿಲ್ಲಿಸಿದವನೆಂಬ ಹೆಸರನ್ನು ಉಳಿಸಿಕೊಳ್ಳುವ ತನಕ ಕಹಳೆ ಊದಿಸುವುದಿಲ್ಲ ಅಂತ ಪಣ ತೊಟ್ಟು ದೋರಸಮುದ್ರದಿಂದ ಹೊರಟ. ದಾರಿಯಲ್ಲಿ ಮಗರ ರಾಜ್ಯವನ್ನು ಕಿತ್ತೊಗೆದ. ಶ್ರೀರಂಗದ ಹತ್ತಿರ ಪಾಚ್ಚೂರಿನಲ್ಲಿ ಬೀಡು ಬಿಟ್ಟ. ಅಪ್ಪಣ್ಣ, ಸಮುದ್ರ ಗೋಪಯ್ಯ ಎಂಬ ಇಬ್ಬರು ದಂಡನಾಯಕರನ್ನು ಮುಂದಕ್ಕೆ ಕಳಿಸಿದ. ಅವರು ಊರುಗಳನ್ನು ಹಾಳುಮಾಡುತ್ತಾ, ಚಿದಂಬರದಲ್ಲಿ ದೇವರಿಗೆ ಕೈಮುಗಿದು, ಮತ್ತೆ ಊರುಗಳನ್ನು ಹಾಳುಮಾಡುತ್ತಾ ಸೇಂದಮಂಗಲದ ಬಾಗಿಲಿಗೆ ಬಂದರು.

ನಮ್ಮ ಕನ್ನಡದ ಲೇಖನಗಳಲ್ಲಿ, ಪೋಸ್ಟುಗಳಲ್ಲಿ ಸಾಮಾನ್ಯವಾಗಿ ಉದ್ಧರಿಸುವುದು ಇಷ್ಟೇ ಭಾಗ. ಪಣ, ಕಹಳೆ, ದಂಡಯಾತ್ರೆ, ನಂತರ ಒಂದೇ ವಾಕ್ಯದಲ್ಲಿ ‘ಚೋಳನನ್ನು ಬಿಡಿಸಿದರು’. ಬಿಡಿಸಿದ್ದು ಹೇಗೆ ಅನ್ನುವುದೇ ಶಾಸನದ ಜೀವ. ಅದನ್ನೇ ಬಿಟ್ಟುಬಿಡುತ್ತೇವೆ.

ಶಾಸನದ ಪ್ರಕಾರ ಸೇಂದಮಂಗಲ ಬೀಳಲೇ ಇಲ್ಲ. ಮುತ್ತಿಗೆ ಶುರುವಾಗುವ ಹೊತ್ತಿಗೆ ಕೋಪ್ಪೆರುಂಜಿಂಗ ನರಸಿಂಹನ ಹತ್ತಿರ ಹೇಳಿಕಳಿಸುತ್ತಾನೆ: ಚೋಳನನ್ನು ಬಿಟ್ಟು, ರಾಜ್ಯದಲ್ಲಿ ನೆಲೆಗೊಳಿಸುತ್ತೇನೆ. ನರಸಿಂಹ ಆ ಸುದ್ದಿಯನ್ನು ದಂಡನಾಯಕರಿಗೆ ತಿಳಿಸುತ್ತಾನೆ. ಅವರು ಚೋಳನನ್ನು ಎದುರುಗೊಂಡು, ಜೊತೆಯಲ್ಲಿ ಕರೆದೊಯ್ದು ಅವನ ನಾಡಿಗೆ ಸೇರಿಸುತ್ತಾರೆ.

ಈ ಸಂದೇಶದ ದಾರಿಯನ್ನು ಒಂದು ಕಾಗದದ ಮೇಲೆ ಬಾಣದ ಗುರುತು ಹಾಕಿ ಬರೆದು ನೋಡಿ. ಸೇಂದಮಂಗಲದ ಬಾಗಿಲಲ್ಲೇ ಇಬ್ಬರು ದಂಡನಾಯಕರು ನಿಂತಿದ್ದಾರೆ. ಆದರೂ ಕೋಪ್ಪೆರುಂಜಿಂಗ ಅವರ ಹತ್ತಿರ ಮಾತಾಡುವುದಿಲ್ಲ. ಸುಮಾರು ನೂರು ಕಿಲೋಮೀಟರ್ ಆಚೆ ಪಾಚ್ಚೂರಿನಲ್ಲಿರುವ ಅರಸನಿಗೆ ಹೇಳಿಕಳಿಸುತ್ತಾನೆ. ಅಲ್ಲಿಂದ ಉತ್ತರ ವಾಪಸ್ ಇಲ್ಲಿಗೆ ಬರುತ್ತದೆ. ಕುದುರೆಯ ಕಾಲ. ಅಷ್ಟು ದಿನ ಸೈನ್ಯ ಕೈಕಟ್ಟಿ ನಿಂತಿರಬೇಕು. ಎದುರಿನವನು ಟೈಮ್ ತಗೊಂಡು ಮೋಸ ಮಾಡಬಹುದು ಅನ್ನುವ ಅಪಾಯ ಇದ್ದೇ ಇರುತ್ತದೆ. ಆದರೂ ಮಾತಿನ ದಾರಿ ತೆರೆದೇ ಇತ್ತು. 1117ರಲ್ಲಿ ಅಧಿಕಾರ ಇಲ್ಲದವನನ್ನು ಕೇಳಿದರು, ಮಾತು ಮುರಿಯಿತು. 1231ರಲ್ಲಿ ಅಧಿಕಾರ ಇದ್ದವನನ್ನು ಕೇಳಿದರು, ಮಾತು ನಿಂತಿತು. ಎರಡು ಶಾಸನದಿಂದ ಸಿದ್ಧಾಂತ ಕಟ್ಟಲು ಆಗುವುದಿಲ್ಲ, ಗೊತ್ತು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ಬೆರಗು. ಈ ಶಾಸನ ಕಾಲ ಹೇಳುವುದು ಸೆರೆಯಾದ ಚೋಳನ ಆಳ್ವಿಕೆಯ ವರ್ಷದಲ್ಲಿ, ರಾಜರಾಜದೇವನ 15ನೇ ವರ್ಷ ಅಂತ. ಅಂದರೆ ತನ್ನ ಅರಸ ಸೆರೆಯಾದದ್ದು, ಪಕ್ಕದ ನಾಡಿನವನು ಬಂದು ಬಿಡಿಸಿದ್ದು, ಇವೆರಡನ್ನೂ ಚೋಳನ ಹೆಸರಿನ ಕೆಳಗೇ, ಚೋಳನಾಡಿನ ಭಾಷೆಯಲ್ಲೇ ಕೊರೆದಿದ್ದಾರೆ. ಯಾರೂ ಅದನ್ನು ಒಡೆದು ಹಾಕಲಿಲ್ಲ. ಏಳುನೂರ ತೊಂಬತ್ತು ವರ್ಷ ಅದು ಆ ಗೋಡೆಯಲ್ಲೇ ಇದೆ. ನಮ್ಮೂರ ಕಲ್ಲಿಗೆ ನಾನು ‘ಹಳೆಯ ಲಿಪಿ’ ಅಂತ ಬುರುಕಿ ಹಾಕಿದೆ. ಅಲ್ಲಿಯವರು ಹಾಕಲಿಲ್ಲ.

ಹಾಗಂತ ಇದನ್ನು ‘ಎಂಥ ಉದಾರ ಹೊಯ್ಸಳರು’ ಅಂತ ಓದಿದರೆ ಮತ್ತೆ ಅದೇ ಗುಂಡಿಗೆ ಬಿದ್ದ ಹಾಗೆ. ಎರಡು ಕಾರಣ.

ಮೊದಲನೆಯದು ಶಾಸನದ ಒಳಗೇ ಇದೆ. ದಂಡನಾಯಕರು ದಾರಿಯಲ್ಲಿ ಮಾಡಿದ್ದನ್ನು ಅದು ಮುಚ್ಚಿಡುವುದಿಲ್ಲ. ಊರು ನಾಶ, ಸುಡುವಿಕೆ, ಹೆಂಗಸರನ್ನು ಹಿಡಿದದ್ದು, ಕೊಳ್ಳೆ, ಎಲ್ಲಾ ಪಟ್ಟಿ ಮಾಡುತ್ತದೆ, ಅದೂ ಹೊಗಳಿಕೆಯ ಧಾಟಿಯಲ್ಲಿ. ಸಂಧಾನದ ಮಾತು ಹುಟ್ಟಿದ್ದು ಈ ಬೂದಿಯ ಮೇಲೆ. ಆ ಊರುಗಳ ಜನ ಕೋಪ್ಪೆರುಂಜಿಂಗನ ಪಡೆಯಿಂದಲೂ ಪೆಟ್ಟು ತಿಂದರು, ಬಿಡಿಸಲು ಬಂದವರಿಂದಲೂ ತಿಂದರು. ನಮ್ಮ ಹೆಮ್ಮೆಯ ಪೋಸ್ಟುಗಳಲ್ಲಿ ಈ ಸಾಲುಗಳು ಇರುವುದಿಲ್ಲ. ಶಾಸನಕ್ಕಿರುವಷ್ಟು ಪ್ರಾಮಾಣಿಕತೆಯೂ ನಮ್ಮ ಉದ್ಧರಣೆಗೆ ಇಲ್ಲ.

ಎರಡನೆಯದು ನಂತರದ ಇತಿಹಾಸ. ಹೊಯ್ಸಳರಿಗೆ ಚೋಳ ಬೇಕಾಗಿದ್ದದ್ದು ಪಾಂಡ್ಯನ ಕಾರಣಕ್ಕೆ. ದಕ್ಷಿಣದಲ್ಲಿ ಪಾಂಡ್ಯ ಬೆಳೆಯುತ್ತಿದ್ದ. ನಡುವೆ ಒಂದು ಚೋಳರಾಜ್ಯ ಉಳಿದಿರುವುದು ದೋರಸಮುದ್ರದ ಲೆಕ್ಕಾಚಾರ. ನೆರವಿಗೆ ಬಂದವರು ಹಿಂದಿರುಗಲೂ ಇಲ್ಲ. ನರಸಿಂಹನ ಮಗ ಸೋಮೇಶ್ವರ ಶ್ರೀರಂಗದ ಬಳಿಯ ಕಣ್ಣನೂರಿನಲ್ಲೇ ರಾಜಧಾನಿ ಮಾಡಿಕೊಂಡ. ಅವನನ್ನು ಅಲ್ಲಿನ ಶಾಸನಗಳು ‘ಮಾವ ಸೋಮೇಶ್ವರ’ ಅನ್ನುತ್ತವೆ. ಮೂರನೆಯ ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಒಂದು ಕಡೆ ಅವನು ಮಾವ ಸೋಮೇಶ್ವರನಿಗೆ ಕಾಲದಂಡ. ಇನ್ನೊಂದು ಕಡೆ ಅದೇ ಮಾವ ತನ್ನ ಕೈಯಾರೆ ಅವನ ಕಾಲಿಗೆ ವೀರಗಡಗ ತೊಡಿಸುತ್ತಾನೆ. ನಂಟಸ್ತಿಕೆ, ಜಗಳ, ರಾಜಿ ಎಲ್ಲಾ ಒಂದೇ ಪ್ರಶಸ್ತಿಯಲ್ಲಿ. ಕೋಪ್ಪೆರುಂಜಿಂಗರ ಮನೆತನವೂ ಅಳಿಯಲಿಲ್ಲ. ಆ ಹೆಸರಿನ ಅರಸ ಮುಂದೆ ದಶಕಗಳ ಕಾಲ ಆಳಿದ. ರಾಜಿ ಅಂದರೆ ಅದೇ ತಾನೆ, ಯಾರಿಗೂ ಪೂರ್ತಿ ಸಿಗುವುದಿಲ್ಲ.

ಕಣ್ಣನೂರಿನ ಇನ್ನೊಂದು ವಿಷಯ ಹೇಳದೆ ಇರಲಾರೆ. ಅಲ್ಲಿ ಹೊಯ್ಸಳರು ಕಟ್ಟಿದ ಶಿವಾಲಯದ ಹೆಸರು ‘ಪೊಯ್ಸಳೇಶ್ವರ’. ಜನರ ಬಾಯಲ್ಲಿ ಅದು ‘ಭೋಜೇಶ್ವರ’ ಆಗಿಹೋಯಿತು. ಯಾವುದೋ ಭೋಜರಾಜನ ಗುಡಿ ಅಂತ ಅಂದುಕೊಳ್ಳುವಷ್ಟರ ಮಟ್ಟಿಗೆ. ಗೋಡೆಯ ಶಾಸನ ಓದಿದ ಮೇಲೇ ಹಳೆಯ ಹೆಸರು ವಾಪಸ್ ಬಂತು. ಅಲ್ಲಿ ನಮ್ಮ ಹೆಸರು ಮರೆತುಹೋದದ್ದಕ್ಕೆ ನಮಗೆ ಬೇಜಾರು. ಇಲ್ಲಿ ಅವರ ಭಾಷೆಯನ್ನು ನಾನು ಬೇಕಂತಲೇ ಮರೆಸಿದೆನಲ್ಲ?

ನಮ್ಮ ತಾಲೂಕಿನ ಕಲ್ಲುಗಳು ಹೇಳುವುದೇನು

ಈಗ ಮನೆಗೆ ಬರೋಣ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ (1905) ಆಗಿನ ಬೆಂಗಳೂರು ಜಿಲ್ಲೆಯದು. ಚನ್ನಪಟ್ಟಣ, ಕ್ಲೋಸ್‌ಪೇಟೆ, ಕಾನಕಾನಹಳ್ಳಿ, ಮಾಗಡಿ ಎಲ್ಲಾ ಅದರಲ್ಲೇ ಬರುತ್ತವೆ. ಚನ್ನಪಟ್ಟಣ ತಾಲೂಕಿನ ಮಳೂರು, ಮಳೂರುಪಟ್ಟಣ, ಕೂಡ್ಲೂರು ಕಡೆ ಚೋಳರ ಕಾಲದ ತಮಿಳು ಶಾಸನಗಳಿವೆ. ಅವುಗಳಲ್ಲಿ ಸಂಧಾನದ ಮಾತು ನೇರವಾಗಿ ಇಲ್ಲ. ದತ್ತಿ, ಗದ್ದೆ, ದೀಪ, ಎಣ್ಣೆ, ಇಷ್ಟೇ. ಆದರೆ ವಿಳಾಸ ನೋಡಿ. ಈ ಸೀಮೆಯ ಹೆಸರು ಕೆಳಲೆನಾಡು. ತಮಿಳು ಶಾಸನದಲ್ಲಿ ಅದೇ ‘ಕಿಳಲೈ ನಾಡು’. ಅದರ ಮೇಲೆ ‘ರಾಜೇಂದ್ರಚೋಳ ವಳನಾಡು’ ಎಂಬ ದೊಡ್ಡ ವಿಭಾಗದ ಹೆಸರು. ಚೋಳರು ಮೇಲಿನ ಹೆಸರು ಹಾಕಿದರು, ಕೆಳಗಿನ ನಾಡಿನ ಹೆಸರನ್ನು ಇದ್ದ ಹಾಗೇ ಇಟ್ಟುಕೊಂಡರು. ಹೊಯ್ಸಳರು ಬಂದ ಮೇಲೆ ಚೋಳರ ಹೆಸರು ಬಿದ್ದುಹೋಯಿತು. ಕೆಳಲೆನಾಡು ಉಳಿಯಿತು. ಕಂಪನಿ ಕೈ ಬದಲಾದಾಗ ಲೆಟರ್‌ಹೆಡ್ ಬದಲಾಗುತ್ತದೆ, ಷೆಡ್ಡಿನ ನಂಬರ್ ಬದಲಾಗುವುದಿಲ್ಲ. ನಮ್ಮ ಜಿಲ್ಲೆಯ ಹೆಸರೇ ನೋಡಿ, 2007ರಲ್ಲಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಮಳೂರು ಮಾತ್ರ ಮಳೂರಾಗೇ ಇದೆ.

ಇನ್ನೂ ಮುಖ್ಯವಾದದ್ದು: ತಮಿಳಿನಲ್ಲಿ ಕೊರೆದ ಕಲ್ಲೆಲ್ಲ ಚೋಳರದ್ದೂ ಅಲ್ಲ. ಸೋಮೇಶ್ವರನ ನಂತರ ಹೊಯ್ಸಳ ರಾಜ್ಯ ಅಣ್ಣತಮ್ಮಂದಿರ ನಡುವೆ ಭಾಗವಾಯಿತು. ದೋರಸಮುದ್ರ ಮೂರನೆಯ ನರಸಿಂಹನಿಗೆ, ತಮಿಳು ಸೀಮೆಯ ಜೊತೆ ಬೆಂಗಳೂರು–ಕೋಲಾರದ ಕಡೆ ರಾಮನಾಥನಿಗೆ. ಅವರಿಬ್ಬರ ನಡುವೆ ಜಗಳವೋ ಜಗಳ. ಮುಮ್ಮಡಿ ಬಲ್ಲಾಳ ಎರಡನ್ನೂ ಮತ್ತೆ ಕೂಡಿಸಿದ ಮೇಲೆ 1301ರಲ್ಲಿ ಕುಂದಾಣಿ ರಾಜ್ಯದ ಮಠ, ಸ್ಥಾನಗಳಿಗೆ ಒಂದು ನಿರೂಪ ಕಳಿಸಿದ. ದೇವಸ್ಥಾನಗಳ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟ. ಬೆಂಗಳೂರು, ಕೋಲಾರ ಸೀಮೆಯ ಹಲವು ಗುಡಿಗಳಲ್ಲಿ ಅದೇ ಆದೇಶ ಕೊರೆದಿದೆ, ತಮಿಳಿನಲ್ಲಿ.

ದೋರಸಮುದ್ರದ ಅರಸ, ನಮ್ಮ ಹಳೇಬೀಡಿನ ಬಲ್ಲಾಳ, ಈಗಿನ ಕರ್ನಾಟಕದ ಒಳಗಿನ ಊರುಗಳಿಗೆ ತಮಿಳಿನಲ್ಲಿ ಆದೇಶ ಕಳಿಸುತ್ತಿದ್ದಾನೆ. ಯಾಕೆ? ಅಲ್ಲಿ ಓದುವವರು, ಲೆಕ್ಕ ಇಡುವವರು ಇದ್ದದ್ದು ತಮಿಳು ಬಲ್ಲವರು. ಕಾಗದ ಯಾರಿಗೆ ಹೋಗಬೇಕೋ ಅವರ ಭಾಷೆಯಲ್ಲಿ ಬರೆಯುವುದು ಆಡಳಿತದ ಮೊದಲ ಪಾಠ. ಒಡೆದ ಸೀಮೆಯನ್ನು ಮತ್ತೆ ಕೂಡಿಸುವಾಗ ಅವನು ಮಾಡಿದ ಕೆಲಸ ಎರಡು: ತೆರಿಗೆ ಬಿಟ್ಟ, ಅವರ ಭಾಷೆಯಲ್ಲಿ ಹೇಳಿದ. ನನ್ನ ಮಟ್ಟಿಗೆ ಇದು ಕತ್ತಿ ಹಿಡಿಯದ ರಾಜತಂತ್ರ.

ಆದ್ದರಿಂದ, ಯಜಮಾನರೇ, ಕಲ್ಲಿನ ಮೇಲೆ ತಮಿಳು ಇದ್ದ ಮಾತ್ರಕ್ಕೆ ಊರು ಯಾರದೂ ಆಗುವುದಿಲ್ಲ. ಹಾಗೆ ಆಗುವುದಿದ್ದರೆ ಶ್ರೀರಂಗದ ಪಕ್ಕದ ಪೊಯ್ಸಳೇಶ್ವರಕ್ಕೆ ನಾವು ಹಕ್ಕುಪತ್ರ ಕೇಳಬೇಕಾಗುತ್ತದೆ!

ಸಂಗಮದ ಹತ್ತಿರ ನಿಂತು

ಕನಕಪುರದಿಂದ ಸಂಗಮಕ್ಕೆ ಹೋದರೆ ಅರ್ಕಾವತಿ ಬಂದು ಕಾವೇರಿಗೆ ಸೇರುವುದು ಕಾಣುತ್ತದೆ. ಮುಂದೆ ಮೇಕೆದಾಟು. ಇನ್ನೂ ಕೆಳಗೆ ಗಡಿಯಲ್ಲಿ ಬಿಳಿಗುಂಡ್ಲು, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಅಲ್ಲಿ 177.25 ಟಿಎಂಸಿ ನೀರು ದಾಟಬೇಕು. ಮೇಕೆದಾಟಿನಲ್ಲಿ ಕರ್ನಾಟಕ ಕೇಳುತ್ತಿರುವ ಅಣೆಕಟ್ಟಿನ ಸಾಮರ್ಥ್ಯ 67.16 ಟಿಎಂಸಿ. ಈ ಅಂಕಿಗಳ ಸರಿ–ತಪ್ಪು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ಆದರೆ ಇವುಗಳ ಹಿಂದಿನ ಕಾಗದಗಳನ್ನು ಶಾಸನದ ಹಾಗೆ ಓದಬಹುದಲ್ಲ?

1892ರ ಒಪ್ಪಂದ, 1924ರ ಫೆಬ್ರವರಿ 18ರ ಒಪ್ಪಂದ, ಎರಡೂ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರೆಸಿಡೆನ್ಸಿಯ ನಡುವಿನವು. ಮದ್ರಾಸಿನ ಹಿಂದೆ ಬ್ರಿಟಿಷ್ ಸರ್ಕಾರ ಇತ್ತು, ಇದು ಸಮಬಲರ ನಡುವಿನ ಮಾತುಕತೆ ಅಲ್ಲ ಎಂಬುದು ಕರ್ನಾಟಕದ ಹಳೆಯ ಆಕ್ಷೇಪ. ಇರಬಹುದು. ನರಸಿಂಹನೂ ಸೆರೆಯಲ್ಲಿದ್ದ ರಾಜರಾಜನೂ ಸಮಬಲರಾಗಿರಲಿಲ್ಲ. ಆದರೂ 1924ರ ಕಾಗದದಲ್ಲಿ ಒಂದು ಗುಣ ಇದೆ: ಅಳತೆ. ಹೊಸ ನೀರಾವರಿ ಮೈಸೂರಿಗೆ 1,25,000 ಎಕರೆ, ಮದ್ರಾಸಿಗೆ 3,01,000 ಎಕರೆ. ಕನ್ನಂಬಾಡಿಯಲ್ಲಿ ನೀರು ತುಂಬಿಸಿಕೊಳ್ಳುವ ಮುನ್ನ ಕೆಳಗಿನ ಮೇಲಣೆಕಟ್ಟಿನ ಗೇಜಿನಲ್ಲಿ ತಿಂಗಳಿಗೆ ತಕ್ಕ ಮಟ್ಟ ಇರಬೇಕು. ಐವತ್ತು ವರ್ಷದ ಮೇಲೆ ಕೆಲವು ವಿಷಯಗಳ ಮರುಪರಿಶೀಲನೆ. ಆ ಮೇಲಣೆಕಟ್ಟು ಇರುವುದು ಶ್ರೀರಂಗದ ಮೇಲ್ಭಾಗದಲ್ಲಿ, ನರಸಿಂಹ ಬೀಡುಬಿಟ್ಟ ಸೀಮೆಯಲ್ಲೇ. 1231ರಲ್ಲಿ ದೂತ ಬಂದ ದಿಕ್ಕಿಗೇ 1924ರಲ್ಲಿ ಗೇಜಿನ ರೀಡಿಂಗ್ ಬಂತು.

1974ಕ್ಕೆ ಐವತ್ತು ವರ್ಷ ಮುಗಿಯಿತು. ಹೊಸ ಒಪ್ಪಂದ ಆಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅಂತಿಮ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟು, ಅದೇ ವರ್ಷ ನಿರ್ವಹಣಾ ಪ್ರಾಧಿಕಾರ. ಬಂದ್ ಆಯಿತು, ಬಸ್ ಸುಟ್ಟರು, ಹೆಣ ಬಿದ್ದವು. ಇದೆಲ್ಲದರ ನಡುವೆ ಬಿಳಿಗುಂಡ್ಲುವಿನಲ್ಲಿ ಯಾರೋ ಒಬ್ಬರು ದಿನಾ ಹೋಗಿ ನೀರಿನ ಮಟ್ಟ ಬರೆದುಕೊಳ್ಳುತ್ತಲೇ ಇದ್ದಾರೆ.

ಎಂಟುನೂರು ವರ್ಷದ ನಂತರದ ಒಬ್ಬ ಓದುಗನನ್ನು ಊಹಿಸಿಕೊಳ್ಳಿ. ಅವನಿಗೆ ನಮ್ಮ ಕಾಲದ ಬ್ಯಾನರುಗಳು, ಘೋಷಣೆಗಳು ಮಾತ್ರ ಸಿಕ್ಕಿದರೆ, ಇವರಿಬ್ಬರೂ ಹೊಡೆದಾಡಿಕೊಂಡೇ ಸತ್ತರು ಅಂತ ಬರೆಯುತ್ತಾನೆ. ಬಿಳಿಗುಂಡ್ಲುವಿನ ರಿಜಿಸ್ಟರ್ ಸಿಕ್ಕಿದರೆ ಬೇರೆ ಬರೆಯುತ್ತಾನೆ. ಬಿರುದು ಅಂದರೆ ಬ್ಯಾನರ್. ತಿರುವೇಂದಿಪುರದ ಶಾಸನದ ಕೊನೆಯ ಭಾಗ ಅಂದರೆ ರಿಜಿಸ್ಟರ್. ನಾವು ಇಷ್ಟು ದಿನ ಬ್ಯಾನರನ್ನೇ ಓದಿಕೊಂಡು ಬಂದಿದ್ದೇವೆ ಅನ್ನುವುದು ನನ್ನ ತಕರಾರು. ನನ್ನನ್ನೂ ಸೇರಿಸಿ.

ಫಲಕದ ತಿದ್ದುಪಡಿ

ಹೋದ ತಿಂಗಳು ಮತ್ತೆ ಆ ಊರಿಗೆ ಹೋಗಿದ್ದೆ. ಯಜಮಾನರು ಅದೇ ಕಟ್ಟೆಯ ಮೇಲೆ ಕೂತಿದ್ದರು. ಬಲ್ಲಾಳನ ವಿಷಯ ಹೇಳಿದೆ, ಹಳೇಬೀಡಿನ ರಾಜನೂ ಈ ಕಡೆಯ ಊರುಗಳಿಗೆ ತಮಿಳಲ್ಲಿ ಆರ್ಡರ್ ಕಳಿಸ್ತಿದ್ದ ಅಂತ. ತಿರುವೇಂದಿಪುರದ ಗೋಡೆಯ ವಿಷಯವೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

‘ಅಲ್ಲಾ ಸಾರ್, ಅವರೂರಲ್ಲಿ ನಮ್ ರಾಜನ ಹೆಸರು ಇನ್ನೂ ಅಂಗೇ ಮಡಗವ್ರಾ?’

‘ಮಡಗವ್ರೆ ಯಜಮಾನ್ರೇ.’

‘ಅಂಗಾದ್ರೆ ಬರೀರಿ. ಆದ್ರೆ ಒಂದು, ದೇವ್ರಿಗೆ ಬಿಟ್ಟಿದ್ದು ಅನ್ನೋದು ಮೇಲ್ಗಡೆ ಬರ್ಲಿ. ಭಾಷೆ ಕೆಳಗಡೆ.’

ಇದೂ ಒಂದು ಸಂಧಾನವೇ. ಒಪ್ಪಿಕೊಂಡೆ. ಹೊಸ ಫಲಕದ ಪಾಠ ಇದು:

‘ಈ ಊರಿನ ದೇವರ ಪೂಜೆಗೆ ದತ್ತಿ ಬಿಟ್ಟ ದಾನಶಾಸನ. ಚೋಳರ ಆಳ್ವಿಕೆಯ ಕಾಲ. ಭಾಷೆ ತಮಿಳು, ಲಿಪಿ ತಮಿಳು ಮತ್ತು ಗ್ರಂಥ. ಆಗ ಈ ಸೀಮೆಗೆ ಕೆಳಲೆನಾಡು ಎಂದು ಹೆಸರು. ಆಳುವವರು ಬದಲಾದರು, ನಾಡಿನ ಹೆಸರು ಉಳಿಯಿತು. ಕಲ್ಲಿಗೆ ಅರಿಶಿನ, ಎಣ್ಣೆ, ಬಣ್ಣ ಹಚ್ಚಬೇಡಿ.’

ಟಾರ್ ಬಳಿಯುವವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಬಂದರೆ ಮಾತಾಡಲು ಒಬ್ಬ ಯಜಮಾನರಂತೂ ಅಲ್ಲಿ ಕೂತಿದ್ದಾರೆ.

ಮಾಗಡಿ, ಕನಕಪುರ ಕಡೆಯ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರ ಕಲ್ಲಿಗೆ ಫಲಕ ಬರೆಯುವಾಗ ಭಾಷೆಯ ಹೆಸರನ್ನು ಬಿಡಬೇಡಿ. ಪ್ರಶಸ್ತಿ ಭಾಗ ಉದ್ಧರಿಸಿದರೆ ಶಾಸನದ ಉಳಿದರ್ಧವನ್ನೂ ಉದ್ಧರಿಸಿ. ನನ್ನ ಓದಿನಲ್ಲಿ ತಪ್ಪು ಕಂಡರೆ ತಿದ್ದಿ, ಬೇಜಾರಿಲ್ಲ. ಮುಂದಿನ ಭಾನುವಾರ ಕೂಡ್ಲೂರಿನ ಕಡೆ ಹೊರಟಿದ್ದೇನೆ.